ನಾಲ್ಕನೇ ಸಾಲು, ಎರಡನೆಯವಳು

2019ರ ಏಪ್ರಿಲ್ 9, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹೆಂಗಸರ ಜೈಲಿನ ಅಂಗಳದಲ್ಲಿ ನಲವತ್ತಮೂರು ಮಂದಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಸಾಲಿಗೆ ಐವರು. ಎಂಟು ಸಾಲು, ಹಿಂದೆ ಮೂವರು. ಕೈ ತಲೆಯ ಮೇಲೆ. ಕಣ್ಣು ನೆಲದ ಮೇಲೆ.

ವಾರ್ಡರ್ ಕಪಾಂಪಾ ತಲೆ ಎಣಿಸುತ್ತಿರಲಿಲ್ಲ. ಸಾಲು ಎಣಿಸುತ್ತಿದ್ದಳು. ಯಾರು ಮೊದಲು ಜೈಲಿಗೆ ಬಂದರೋ ಅವರು ಮುಂದೆ. ಆಮೇಲೆ ಬಂದವರು ಹಿಂದೆ. ಮುಂದಿನವಳು ಬಿಡುಗಡೆಯಾದರೆ ಅಥವಾ ಸತ್ತರೆ ಮಾತ್ರ ಜಾಗ ಸರಿಯುತ್ತಿತ್ತು. ಒಬ್ಬಳು ತಪ್ಪಿ ಬೇರೆ ಕಡೆ ಕೂತರೆ ಎಣಿಕೆ ಕೆಡುತ್ತಿತ್ತು. ಎಣಿಕೆ ಕೆಟ್ಟರೆ ಎಲ್ಲರೂ ಇನ್ನೊಂದು ಗಂಟೆ ಹಾಗೇ ಕೂರಬೇಕಿತ್ತು. ಹಾಗಾಗಿ ನಿದ್ದೆಗಣ್ಣಲ್ಲಿ ಎಬ್ಬಿಸಿ ತಂದರೂ ಪ್ರತಿಯೊಬ್ಬಳ ಮೊಣಕಾಲಿಗೆ ತನ್ನ ಜಾಗ ಗೊತ್ತಿತ್ತು.

ಸೆಪಿಸೊಳ ಜಾಗ ಆರನೇ ಸಾಲಿನ ಮೊದಲನೆಯದು. ಅವಳು ಲಿವಿಂಗ್‌ಸ್ಟನ್ ಕಡೆಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ, ಕಫ ಪರೀಕ್ಷೆ ಮಾಡುತ್ತಿದ್ದವಳು. ಗಂಡ ವಾಂತಿ ಮಾಡಿಕೊಂಡು ಸತ್ತ. ಔಷಧಿ ಬಾಟಲಿಗಳ ನಡುವೆ ಕೆಲಸ ಮಾಡುವ ಹೆಂಗಸು, ವಿಷ ಹಾಕಿದ್ದಾಳೆ ಎಂದರು ಗಂಡನ ಮನೆಯವರು. ಪೊಲೀಸರು ಹಿಡಿದು ತಂದರು. ಮೂರು ವರ್ಷ ಎರಡು ತಿಂಗಳಾಗಿತ್ತು. ವಿಚಾರಣೆ ಒಂದು ದಿನವೂ ನಡೆದಿರಲಿಲ್ಲ.

ನಾಲ್ಕನೇ ಸಾಲಿನಲ್ಲಿ ಎರಡನೆಯವಳು ಚೋಲ್ವೆ. ಅವಳ ಪಕ್ಕದಲ್ಲಿ ಅವಳ ಮಗಳು ಲುಯಾಂಡೊ, ಅದೂ ಕುಕ್ಕರುಗಾಲಿನಲ್ಲಿ, ಪುಟ್ಟ ಕೈ ತಲೆಯ ಮೇಲೆ. ಮಗುವನ್ನು ಯಾರೂ ಎಣಿಸುತ್ತಿರಲಿಲ್ಲ. ಕೂರು ಎಂದು ಯಾರೂ ಹೇಳಿಯೂ ಇರಲಿಲ್ಲ. ಹುಟ್ಟಿದಾಗಿನಿಂದ ಬೆಳಗಾದರೆ ಕಂಡದ್ದು ಅದನ್ನೇ. ಅದನ್ನೇ ಕಲಿತಿತ್ತು.

ಒನಕೆಯಲ್ಲಿ ಹೊಡೆಯಲು ಬಂದ ಗಂಡನ ಕೈಯಿಂದ ಅದೇ ಒನಕೆ ಕಿತ್ತುಕೊಂಡು ತಿರುಗಿ ಹೊಡೆದವಳು ಚೋಲ್ವೆ. ಆಗ ಲುಯಾಂಡೊ ಹೊಟ್ಟೆಯಲ್ಲಿತ್ತು. ಎಂಟು ವರ್ಷದ ಶಿಕ್ಷೆ. ನಾಲ್ಕೂವರೆ ಮುಗಿದಿತ್ತು. ಮೇ 25ರ ಆಫ್ರಿಕಾ ಸ್ವಾತಂತ್ರ್ಯ ದಿನಕ್ಕೆ ಬಿಡುಗಡೆಗೆಂದು ರಾಜಧಾನಿ ಲುಸಾಕಾಕ್ಕೆ ಕಳಿಸುವ ಪಟ್ಟಿಯಲ್ಲಿ ಈ ಸಲ ಅವಳ ಹೆಸರಿತ್ತು. ಲುಯಾಂಡೊಗೆ ಜೂನ್ 2ಕ್ಕೆ ನಾಲ್ಕು ತುಂಬುತ್ತಿತ್ತು. ನಾಲ್ಕು ತುಂಬಿದ ಮಗು ತಾಯಿಯ ಜೊತೆ ಜೈಲಿನಲ್ಲಿ ಇರುವಂತಿಲ್ಲ. ಅನಾಥಾಲಯದ ಗಾಡಿ ಬರುತ್ತದೆ. ನಡುವೆ ಎಂಟೇ ದಿನ.

"ಲುಯಾಂಡೊ ಅವ್ವ, ಎಂಟು ದಿನ ಅಂದ್ರೆ ಬಹಳ ಕಣೇ," ಎನ್ನುತ್ತಿದ್ದಳು ಏಳನೇ ಸಾಲಿನ ಎಸ್ನಾರ್ತ್ ಅಜ್ಜಿ, ಕಳ್ಳಭಟ್ಟಿ ಇಳಿಸಿ ಬಂದವಳು. "ಅಷ್ಟರಲ್ಲಿ ನಾನು ಎರಡು ಪೀಪಾಯಿ ಸಾರಾಯಿ ಇಳಿಸಿ, ಮಾರಿ, ಸಿಕ್ಕಿಬಿದ್ದು, ವಾಪಸ್ ಇಲ್ಲಿಗೇ ಬಂದು ಕೂತಿರ್ತೀನಿ."

ಆ ಬೆಳಿಗ್ಗೆ ಎಣಿಕೆ ಮುಗಿದ ಮೇಲೆ ಕಪಾಂಪಾ ಯಾರನ್ನೂ ಏಳಿಸಲಿಲ್ಲ.

"ಲುಸಾಕಾದಿಂದ ಡಾಕ್ಟರಮ್ಮ ಬರ್ತಾರೆ. ಮನಸ್ಸಿನ ಡಾಕ್ಟರು. ನೀವೆಲ್ಲ ಯಾಕೆ ಹಿಂಗೆ ಹೊಡೆದು ಬಡಿದು ಮಾಡ್ತೀರಿ ಅಂತ ಓದ್ತಾರಂತೆ. ಯಾರಿಗೂ ಬಲವಂತ ಇಲ್ಲ. ಇಷ್ಟ ಇದ್ದೋರು ಒಳಗೆ ಹೋಗಿ ಮಾತಾಡಿ, ಒಂದು ಸೋಪು, ಒಂದು ಪೊಟ್ಟಣ ಸಕ್ಕರೆ ತಗೊಳ್ಳಿ. ಇಷ್ಟ ಇಲ್ದೋರು ಈ ಕಡೆ ಬನ್ನಿ. ಜೈಲು ಸಾಹೇಬರ ಹೊಲದಲ್ಲಿ ಮರದ ಬೊಡ್ಡೆ ಕೀಳೋದಿದೆ."

ಆ ಕಡೆ ಯಾರೂ ಹೋಗಲಿಲ್ಲ.

ಡಾಕ್ಟರ್ ಟೊವೆಲಾ ನ್ಯಿರೊಂಗೊ ಒಳ್ಳೆಯವಳು. ಸೆಪಿಸೊಳನ್ನು "ನೀವು" ಎಂದು ಮಾತಾಡಿಸಿದಳು. ಕೂರಲು ಕುರ್ಚಿ ಕೊಟ್ಟಳು. ಮೂರು ವರ್ಷದ ಮೇಲೆ ಕುರ್ಚಿಯಲ್ಲಿ ಕೂತ ಸೆಪಿಸೊಳ ಸೊಂಟಕ್ಕೆ ಅದು ಅಭ್ಯಾಸ ತಪ್ಪಿತ್ತು. ಡಾಕ್ಟರಿಗೆ ಆ ಕಡೆಯ ಟೋಂಗಾ ಭಾಷೆ ಬರುತ್ತಿರಲಿಲ್ಲ. ಒಳಗಿನ ಬಹುಪಾಲು ಹೆಂಗಸರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎರಡೂ ಬರುವವಳು ಸೆಪಿಸೊ. ಪ್ರಶ್ನೆಯೂ ಉತ್ತರವೂ ಅವಳ ಬಾಯಿಯ ಮೂಲಕವೇ ಹೋಗಬೇಕಿತ್ತು.

ಮೊದಲು ಒಪ್ಪಿಗೆ ಪತ್ರ. ಡಾಕ್ಟರ್ ಒಂದೊಂದೇ ಸಾಲು ಓದಿದಳು. ಕಾಗದದ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಹೇಳಿದ್ದು ಗುಟ್ಟಾಗಿರುತ್ತದೆ. ಯಾವಾಗ ಬೇಕಾದರೂ, ಕಾರಣ ಕೊಡದೆ, ಹಿಂದೆ ಸರಿಯಬಹುದು. ಅದರಿಂದ ಯಾರಿಗೂ ತೊಂದರೆ ಆಗುವುದಿಲ್ಲ.

ಸೆಪಿಸೊ ಅದನ್ನು ಟೋಂಗಾದಲ್ಲಿ ಹೇಳಿದಳು. ಕಾಗದದಲ್ಲಿದ್ದದ್ದು ಅವಳಿಗೆ ಸಪ್ಪೆ ಎನಿಸಿತು. ತನ್ನದೇ ಮಾತು ಸೇರಿಸಿದಳು.

"ಹೇಳಿದ ಮಾತು ಈ ಗೋಡೆ ದಾಟಲ್ಲ. ಸತ್ತವರ ಹೊಟ್ಟೇಲಿ ಇದ್ದ ಹಾಗೆ ಇರುತ್ತೆ. ನಾನು ಹೇಳ್ತಿದ್ದೀನಿ."

ಎಸ್ನಾರ್ತ್ ಅಜ್ಜಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ ನಕ್ಕಳು. "ಮೂವರು ಗಂಡಂದಿರನ್ನ ಕಂಡೆ. ಒಬ್ಬನೂ ಇಷ್ಟು ಚೆನ್ನಾಗಿ ನನ್ನ ಒಪ್ಪಿಗೆ ಕೇಳಿರ್ಲಿಲ್ಲ."

"ಒಳಗೆ ಹೇಗೆ ಕರೆಯೋಣ?" ಎಂದು ಡಾಕ್ಟರ್ ಕೇಳಿದಳು. "ಯಾರು ಮೊದಲು ಬಂದರೂ ಪರವಾಗಿಲ್ಲ. ಬಂದ ಹಾಗೆ ನಂಬರ್ ಹಾಕ್ತೀನಿ."

ಸೆಪಿಸೊ ಬಾಗಿಲು ತೆರೆದು ಕೂಗಿದಳು. "ಒಂದನೇ ಸಾಲು, ಬನ್ರೇ."

ಅವಳು ಯೋಚಿಸಿ ಕೂಗಿದ್ದಲ್ಲ. ಊಟಕ್ಕೂ ಹಾಗೇ, ಸ್ನಾನಕ್ಕೂ ಹಾಗೇ, ಕಕ್ಕಸಿಗೂ ಹಾಗೇ. ಅಲ್ಲಿ ಬದುಕಿದ ಯಾರಾದರೂ ಹಾಗೇ ಕೂಗುತ್ತಿದ್ದರು.

ಚೋಲ್ವೆಯ ಸರದಿ ಎರಡನೇ ದಿನ ಬಂತು. ಕಾಗದದ ಮೂಲೆಯಲ್ಲಿ ಡಾಕ್ಟರ್ 17 ಎಂದು ಬರೆದಳು. ಒಟ್ಟು ನಲವತ್ತನಾಲ್ಕು ಪ್ರಶ್ನೆ. ಮೂವತ್ತೊಂದನೆಯದು: ಹಿಂದಿನ ಒಂದು ತಿಂಗಳಲ್ಲಿ ಯಾರಿಗಾದರೂ ನೋವು ಮಾಡುವುದನ್ನು ಮನಸ್ಸಿನಲ್ಲಿ ಕಂಡಿದ್ದೀರಾ? ಯಾರಿಗೆ? ಹೇಗೆ?

ಚೋಲ್ವೆ ಬಾಗಿಲು ನೋಡಿದಳು. ಸೆಪಿಸೊಳನ್ನು ನೋಡಿದಳು.

"ಹೇಳ್ಲಾ ಅಕ್ಕ?"

"ಹೇಳು."

"ಮೇಡಂ ಕಪಾಂಪಾ ದಿನಾ ಅಡುಗೆ ಮನೆಗೆ ಬರ್ತಾಳೆ. ಲುಯಾಂಡೊನ ಎತ್ಕೊಂಡು ಕೆನ್ನೆ ಹಿಂಡ್ತಾಳೆ. ಇನ್ನೆಷ್ಟು ದಿನ ಪುಟ್ಟಿ, ಗಾಡಿ ಬರುತ್ತಲ್ಲ, ನಿನಗೆ ಹೊಸ ಅವ್ವ ಸಿಗ್ತಾಳೆ ಅಂತಾಳೆ. ಮಗು ನಗುತ್ತೆ, ಅದಕ್ಕೇನು ಗೊತ್ತು? ನಾನು ಎನ್‌ಶಿಮಾ ಮುದ್ದೆ ತೊಳಸ್ತಾ ಇರ್ತೀನಿ. ಕೊತಕೊತ ಕುದೀತಾ ಇರುತ್ತೆ. ಆ ಕೈ ಹಿಡಿದು ಹಂಡೆಯೊಳಗೆ ಅದ್ದಿದ ಹಾಗೆ ಕಾಣುತ್ತೆ ನನಗೆ. ಮೊಣಕೈವರೆಗೂ. ಆಮೇಲೆ ನಾನು ತೊಳಸ್ತಾನೇ ಇರ್ತೀನಿ."

ಸೆಪಿಸೊ ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದಳು. ನಿಖರವಾಗಿ ತರುವುದು ಅವಳ ಹಳೆಯ ಕೆಲಸದ ಅಭ್ಯಾಸ. ಡಾಕ್ಟರಿನ ಕಣ್ಣು ಒದ್ದೆಯಾಯಿತು. ಪೆನ್ನು ನಿಲ್ಲಲಿಲ್ಲ. ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯಲ್ಲಿ ನಾಲ್ಕಕ್ಕೆ ಸುತ್ತು ಹಾಕಿದಳು.

ಹೊರಗೆ ಬಂದ ಚೋಲ್ವೆ ಸೋಪನ್ನು ಮೂಸಿದಳು. "ಎದೆ ಹಗುರಾಯ್ತು ಅಕ್ಕ," ಎಂದಳು.

ನಾಲ್ಕು ದಿನದಲ್ಲಿ ನಲವತ್ತೆರಡು ಮಂದಿ ಮುಗಿದರು. ಕಾಗದಗಳು ತಗಡಿನ ಪೆಟ್ಟಿಗೆಗೆ ಹೋದವು. ಬೀಗ ಬಿತ್ತು. ಎರಡು ವಾರ ಬಿಟ್ಟು ಬಂದು ಇದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳುತ್ತೇನೆ, ಉತ್ತರ ಎಷ್ಟು ಬದಲಾಗಿದೆ ನೋಡಬೇಕು ಎಂದು ಹೇಳಿ ಡಾಕ್ಟರ್ ಹೋದಳು.

ಸೋಮವಾರ ಕಪಾಂಪಾ ಚೋಲ್ವೆಯನ್ನು ಅಡುಗೆ ಮನೆಯಿಂದ ತೆಗೆದಳು. ಕಾರಣ ಹೇಳಲಿಲ್ಲ. ಬೊಡ್ಡೆ ಕೀಳಲು ಹಾಕಿದಳು. ಮೊಪಾನೆ ಮರದ ಬೊಡ್ಡೆ ಕಬ್ಬಿಣದಂಥದು. ಮೂರು ದಿನದಲ್ಲಿ ಚೋಲ್ವೆಯ ಅಂಗೈ ಬೊಬ್ಬೆ ಬಂದು, ಒಡೆದು, ಕೀವಾಯಿತು. ಲುಯಾಂಡೊ ಗುಂಡಿಯ ಅಂಚಲ್ಲಿ ಬಿಸಿಲಿಗೆ ಕೂತಿರುತ್ತಿತ್ತು. ಗುರುವಾರ ಅದರ ಪಾಲಿನ ಗಂಜಿ ಬರಲಿಲ್ಲ. "ಪಟ್ಟೀಲಿ ಇಲ್ಲ," ಎಂದಳು ಬಡಿಸುವವಳು, ತಲೆ ಎತ್ತದೆ.

"ಏನು ಮಾಡಿದೆ ನೀನು?" ಎಂದು ಸೆಪಿಸೊ ಕೇಳಿದಳು.

"ಏನೂ ಇಲ್ಲ. ಒಂದು ಮಾತೂ ಎದುರಾಡಿಲ್ಲ. ಬಿಡುಗಡೆ ಪಟ್ಟೀಲಿ ಹೆಸರಿದೆ ಅಂತ ಉಸಿರು ಬಿಗಿ ಹಿಡ್ಕೊಂಡು ಇದ್ದೀನಿ."

ಕಪಾಂಪಾ ಬೈಯುವುದನ್ನೂ ನಿಲ್ಲಿಸಿದ್ದಳು. ಅದೇ ಸೆಪಿಸೊಗೆ ಹೆದರಿಕೆ ತಂದದ್ದು. ಚೋಲ್ವೆಯನ್ನು ಕಂಡರೆ ಸುಮ್ಮನೆ ನಗುತ್ತಿದ್ದಳು.

ಏಪ್ರಿಲ್ 23, ಮಂಗಳವಾರ. ಡಾಕ್ಟರ್ ಮತ್ತೆ ಬರುವ ದಿನ. ಬೆಳಗಿನ ಎಣಿಕೆಯಲ್ಲಿ ಕಪಾಂಪಾ ನಾಲ್ಕನೇ ಸಾಲಿನ ಹತ್ತಿರ ನಿಂತಳು. ಬೂಟಿನ ತುದಿಯಿಂದ ಚೋಲ್ವೆಯ ಮೊಣಕಾಲು ತಟ್ಟಿದಳು.

"ಹದಿನೇಳು."

ಚೋಲ್ವೆಗೆ ಅರ್ಥವಾಗಲಿಲ್ಲ.

"ನಿನ್ನನ್ನೇ ಕಣೇ, ಹದಿನೇಳು. ಹಂಡೆ ಎಷ್ಟು ಕುದೀಬೇಕು? ಮೊಣಕೈವರೆಗೂ ಸಾಕಾ, ಇನ್ನೂ ಮೇಲಕ್ಕಾ?"

ಚೋಲ್ವೆ ಕತ್ತು ತಿರುಗಿಸಿ ಎರಡು ಸಾಲು ಹಿಂದೆ ಇದ್ದ ಸೆಪಿಸೊಳನ್ನು ನೋಡಿದಳು. ಬೈದಿದ್ದರೆ ಸೆಪಿಸೊ ತಡೆದುಕೊಳ್ಳುತ್ತಿದ್ದಳು.

ಎಂಟೂವರೆಗೆ ಮೇಜು ಒರೆಸಲು ಸೆಪಿಸೊಳನ್ನು ಕಪಾಂಪಾಳ ಕೋಣೆಗೆ ಕಳಿಸಿದರು. ಮೇಜಿನ ಮೇಲೆ ಎರಡು ಹಾಳೆ ಇತ್ತು. ಡಾಕ್ಟರಿನ ವಿಶ್ವವಿದ್ಯಾಲಯದ ಮುದ್ರೆ. ಮೊದಲ ವರದಿ. ನಂಬರ್, ಎದುರಿಗೆ ಅಂಕ. ಕೆಳಗೆ ಮಾದರಿಗೆಂದು ಆರು ಉತ್ತರ, ನಂಬರ್ ಸಹಿತ. ಮೂರನೆಯದು ಹಂಡೆಯ ಮಾತು. ಅವಳದೇ ಇಂಗ್ಲಿಷ್. ಒಂದಕ್ಷರ ಬಿಟ್ಟಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: 4, 2.

ಹದಿನೇಳನ್ನು ಐದರಿಂದ ಭಾಗಿಸಿದರೆ ಮೂರು ಸಾಲು ಪೂರ್ತಿ, ಮೇಲೆ ಎರಡು. ನಾಲ್ಕನೇ ಸಾಲು, ಎರಡನೆಯವಳು. ಬೀಗ ಒಡೆಯಬೇಕಿರಲಿಲ್ಲ. ಪೆಟ್ಟಿಗೆ ಮುಟ್ಟಬೇಕಿರಲಿಲ್ಲ. ಕಿಟಕಿಯಿಂದ ಅಂಗಳ ನೋಡಿದರೆ ಸಾಕಿತ್ತು. ಆ ಕ್ರಮದಲ್ಲಿ ಒಳಗೆ ಕರೆದವಳು ಸೆಪಿಸೊ.

ಬಟ್ಟೆ ಕೈಯಲ್ಲೇ ಉಳಿಯಿತು.

ಒಂಬತ್ತು ಗಂಟೆ ಇಪ್ಪತ್ತಕ್ಕೆ ಡಾಕ್ಟರ್ ಬಂದಳು. ಅವಳಿಗಾಗಿ ಅಂಗಳದ ಸಾಲುಗಳನ್ನು ಇನ್ನೂ ಏಳಿಸಿರಲಿಲ್ಲ. ಸೆಪಿಸೊ ಕುರ್ಚಿಯಲ್ಲಿ ಕೂರಲಿಲ್ಲ.

"ಮೇಡಂ, ಜೈಲಿಗೆ ಕಾಗದ ಕೊಟ್ರಾ?"

"ಹೂಂ, ಎರಡು ಪುಟದ ಸಾರಾಂಶ. ಒಳಗೆ ಬಿಡೋಕೆ ಅದು ಅವರ ಷರತ್ತು. ಯಾಕೆ? ಅದರಲ್ಲಿ ಒಂದೂ ಹೆಸರಿಲ್ಲ."

"ಕಿಟಕಿ ಹತ್ರ ಬನ್ನಿ. ಎಣಿಸಿ. ಮುಂದಿನಿಂದ, ಎಡಗಡೆಯಿಂದ. ಹದಿನೇಳರವರೆಗೆ."

ಡಾಕ್ಟರ್ ತುಟಿ ಆಡಿಸುತ್ತ ಎಣಿಸಿದಳು. ಹದಿನೈದರಲ್ಲಿ ನಿಧಾನವಾದಳು. ಹದಿನೇಳಕ್ಕೆ ಬಂದಾಗ ಮಗು ಕಾಣಿಸಿತು. ಅವಳ ಕೈ ಗಾಜಿನ ಮೇಲೆ ನಿಂತುಹೋಯಿತು.

"ನನಗೆ... ಅವರು ದಿನಾ ಹೀಗೇ ಕೂರ್ತಾರಾ?"

"ಮೂರು ವರ್ಷದಿಂದ ನೋಡ್ತಿದ್ದೀನಿ."

"ನಾನು ವಿಶ್ವವಿದ್ಯಾಲಯದ ನೀತಿ ಸಮಿತಿಗೆ ಬರೀತೀನಿ. ಇವತ್ತೇ. ಅವರು ತನಿಖೆ ಮಾಡ್ತಾರೆ."

"ಎಷ್ಟು ದಿನ?"

"ಆರು ವಾರ ಆಗಬಹುದು."

"ಬಿಡುಗಡೆ ಪಟ್ಟಿ ಈ ಶುಕ್ರವಾರ ನಾಲ್ಕು ಗಂಟೆಗೆ ಲುಸಾಕಾಕ್ಕೆ ಹೋಗುತ್ತೆ. ಅದರಲ್ಲಿ ಒಬ್ಬೊಬ್ಬರ ನಡತೆ ಬರೆಯೋಳು ಕಪಾಂಪಾ."

ಡಾಕ್ಟರ್ ಕೂತಳು. ಮುಖ ಒರೆಸಿಕೊಂಡಳು. "ಇವತ್ತಿಂದ ಬೇರೆ ನಂಬರ್ ಹಾಕೋಣ. ಚೀಟಿ ಎತ್ತಿ. ಕ್ರಮ ಗೊತ್ತಾಗದ ಹಾಗೆ. ಮೂರು ವರ್ಷದ ಕೆಲಸ ಸೆಪಿಸೊ, ಇಲ್ಲಿಗೇ ನಿಂತರೆ..."

"ನನ್ನದೂ ಮೂರು ವರ್ಷವೇ ಮೇಡಂ. ಯಾವಾಗ ಬೇಕಾದ್ರೂ, ಕಾರಣ ಕೊಡದೆ ಅಂತ ಓದಿದ್ರಿ. ಇವತ್ತು."

ಅವಳು ಒಪ್ಪಿಗೆ ಪತ್ರದ ಒಂದು ಪ್ರತಿ ಎತ್ತಿಕೊಂಡು ಹೊರಗೆ ನಡೆದಳು. ಅಂಗಳದಲ್ಲಿ ಎಲ್ಲರೂ ಇನ್ನೂ ಕುಕ್ಕರುಗಾಲಿನಲ್ಲೇ ಇದ್ದರು. ಅವಳು ತನ್ನ ಜಾಗಕ್ಕೆ ಹೋಗಲಿಲ್ಲ. ಒಂದನೇ ಸಾಲಿನ ಮುಂದೆ ನಿಂತಳು.

"ಏಯ್, ಕೂತ್ಕೋ," ಎಂದಳು ಕಪಾಂಪಾ.

ಸೆಪಿಸೊ ಟೋಂಗಾದಲ್ಲಿ ಜೋರಾಗಿ ಹೇಳಿದಳು. "ಅಕ್ಕಂದಿರಾ, ನಾನು ನಿಮಗೆ ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದೆ, ಆದ್ರೂ ಸುಳ್ಳೇ. ಮಾತು ಗೋಡೆ ದಾಟಿದೆ. ನೀವು ಕೂತ ಜಾಗವೇ ನಿಮ್ಮ ಹೆಸರು. ನಾನು ಸಾಲು ಸಾಲಾಗಿ ಕರೆದೆ, ಅವರು ಸಾಲು ಸಾಲಾಗಿ ಎಣಿಸಿದ್ರು. ನೀವು ಹೇಳಿದ್ದೆಲ್ಲ ಆ ಮೇಜಿನ ಮೇಲಿದೆ. ಈ ಕಾಗದದಲ್ಲಿ ಇನ್ನೊಂದು ಮಾತಿದೆ. ಬೇಡ ಅನ್ನಬಹುದು. ನಾನು ಬೇಡ ಅಂತಿದ್ದೀನಿ. ಇನ್ನು ಮೇಲೆ ನಿಮ್ಮ ಮಾತು ನನ್ನ ಬಾಯಿಂದ ಆ ಕೋಣೆಗೆ ಹೋಗಲ್ಲ."

"ಕೂತ್ಕೋ ಅಂದೆ!"

"ಕೂರಲ್ಲ."

ಕಪಾಂಪಾಳ ಕೈ ಸೊಂಟದ ಲಾಠಿಗೆ ಹೋಯಿತು. ಏಳನೇ ಸಾಲಿನಲ್ಲಿ ಎಸ್ನಾರ್ತ್ ಅಜ್ಜಿ ನೆಲಕ್ಕೆ ಕೈಯೂರಿದಳು. ಒಂದು ಮೊಣಕಾಲು ಎತ್ತಿದಳು. ನರಳಿದಳು. ಇನ್ನೊಂದು ಎತ್ತಿದಳು.

"ಅಯ್ಯೋ, ಹೊಡೀಬೇಡ ತಾಯಿ. ಬಂಡಾಯ ಅಲ್ಲ, ಮಂಡಿ ನೋವು," ಎಂದಳು. ಪೂರ್ತಿ ನಿಂತ ಮೇಲೆ ಅವಳ ದನಿ ಬದಲಾಯಿತು. "ನಾನೂ ಕೂರಲ್ಲ."

ಆಮೇಲೆ ಮೂರನೇ ಸಾಲಿನ ಇಬ್ಬರು. ಆಮೇಲೆ ಎಂಟನೇ ಸಾಲು ಪೂರ್ತಿ. ಕೀಲು ಲಟಲಟ ಅಂದವು. ಒಬ್ಬಳು ತಲೆ ಸುತ್ತಿ ಪಕ್ಕದವಳ ಭುಜ ಹಿಡಿದಳು. ಸಾಲು ಅಳಿಸಿಹೋಯಿತು. ಕೊನೆಗೆ ಚೋಲ್ವೆ ಎದ್ದಳು. ಕೀವು ಕಟ್ಟಿದ ಅಂಗೈಗಳನ್ನು ಎದೆಗೆ ಒತ್ತಿಕೊಂಡಿದ್ದಳು.

ಲುಯಾಂಡೊ ಏಳಲಿಲ್ಲ. ತಲೆಯ ಮೇಲಿನ ಒಂದು ಕೈ ತೆಗೆದು ತಾಯಿ ಸೊಂಟಕ್ಕೆ ಸುತ್ತಿದ್ದ ಚಿತೆಂಗೆ ಬಟ್ಟೆಯ ಅಂಚು ಹಿಡಿದು ಎಳೆಯಿತು. "ಕೂತ್ಕೊ ಅವ್ವ. ಕೂತ್ಕೊ, ಕೂತ್ಕೊ," ಎಂದು ಅಳತೊಡಗಿತು.

ಕಪಾಂಪಾ ಎಣಿಸಿದಳು. ನಲವತ್ತೊಂದು ಬಂತು. ಮತ್ತೆ ಎಣಿಸಿದಳು. ನಲವತ್ತನಾಲ್ಕು. ನಿಂತ ಹೆಂಗಸರನ್ನು ಎಣಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಸೀಟಿ ಊದಿದಳು. ಗಂಡಸರ ಕಡೆಯಿಂದ ಕಾವಲುಗಾರರು ಓಡಿ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಯಾಕೆಂದರೆ ಡಾಕ್ಟರ್ ತಗಡಿನ ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕೆ ಬರುತ್ತಿದ್ದಳು. ಹೊರಗಿನವರ ಕಣ್ಣೆದುರು ಹೊಡೆಯುವುದು ಬೇರೆ ಮಾತು.

"ಈ ಕಾಗದಗಳು ಇವರವು," ಎಂದಳು ಡಾಕ್ಟರ್. "ಇವರು ವಾಪಸ್ ಕೇಳ್ತಿದ್ದಾರೆ."

ಯಾರದು ಯಾವುದು ಎಂದು ಹಂಚುವಂತಿರಲಿಲ್ಲ. ಹಂಚಬೇಕಾದರೆ ಮತ್ತೆ ಸಾಲಿನಲ್ಲಿ ಕೂರಬೇಕಿತ್ತು. ಪೆಟ್ಟಿಗೆಯನ್ನು ಹಾಗೇ ಅಡುಗೆ ಮನೆಗೆ ಒಯ್ದು ಎನ್‌ಶಿಮಾ ಹಂಡೆಯ ಕೆಳಗಿನ ಒಲೆಗೆ ಸುರಿದರು. ಚೋಲ್ವೆ ಕೋಲಿನಿಂದ ಒಳಗೆ ತಳ್ಳಿದಳು. ಡಾಕ್ಟರ್ ಉರಿಯುವುದನ್ನು ಕೊನೆಯವರೆಗೂ ನಿಂತು ನೋಡಿದಳು. ಆಮೇಲೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದಳು: ಈ ಅಧ್ಯಯನದ ಎಲ್ಲ ಉತ್ತರಗಳನ್ನು ಹಿಂಪಡೆಯಲಾಗಿದೆ, ಯಾರ ಬಗ್ಗೆಯೂ ಯಾವ ತೀರ್ಮಾನಕ್ಕೂ ಬಳಸತಕ್ಕದ್ದಲ್ಲ.

"ಆ ಎರಡು ಹಾಳೆಯನ್ನೂ ಕೊಡಿ," ಎಂದು ಕಪಾಂಪಾಳನ್ನು ಕೇಳಿದಳು.

"ಗೇಟಿನೊಳಗೆ ಬಂದ ಕಾಗದ ಗೇಟಿನದು, ಡಾಕ್ಟರ್," ಎಂದಳು ಕಪಾಂಪಾ, ವಿನಯದಿಂದ. "ದಾರಿ ದೂರ. ಕತ್ತಲಾಗೋಕೆ ಮುಂಚೆ ಹೊರಡಿ."

ಡಾಕ್ಟರ್ ಹೊರಟಳು. ಗೇಟು ಮುಚ್ಚಿತು. ಮೂರು ದಿನ ಯಾರನ್ನೂ ಕೋಣೆಯಿಂದ ಬಿಡಲಿಲ್ಲ. ದಿನಕ್ಕೆ ಒಂದೇ ಊಟ. ಕಕ್ಕಸಿಗೆ ಒಂದೇ ಬಕೆಟ್. ಎಸ್ನಾರ್ತ್ ಅಜ್ಜಿ ಮಾತ್ರ, "ಮೂರು ದಿನ ಕುಕ್ಕರುಗಾಲು ತಪ್ಪಿತಲ್ಲ, ಇದು ರಜೆ ಕಣ್ರೇ," ಎಂದಳು. ಯಾರೋ ನಕ್ಕರು. ಚೋಲ್ವೆ ನಗಲಿಲ್ಲ. ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದಳು.

ಶುಕ್ರವಾರ ಮೂರು ಗಂಟೆ ಹತ್ತು ನಿಮಿಷಕ್ಕೆ ಸೆಪಿಸೊಳನ್ನು ಕರೆದರು. ಕಪಾಂಪಾಳ ಮೇಜಿನ ಮೇಲೆ ಮೂರು ಕಾಗದ. ಒಂದು ಬಿಡುಗಡೆ ಪಟ್ಟಿ. ಒಂದು ಪೆನ್ಸಿಲ್ ಗುರುತಿನ ಹಾಳೆ. ಒಂದು ಖಾಲಿ ಹಾಳೆ.

"ನೋಡು," ಎಂದಳು ಕಪಾಂಪಾ. ದನಿ ಮೆತ್ತಗಿತ್ತು. "ಲುಸಾಕಾದವರು ಸಾಕ್ಷಿ ಕೇಳ್ತಾರೆ. ಈ ಹಾಳೆಯಲ್ಲಿ ಹೆಸರಿಲ್ಲ. ಹದಿನೇಳು ಅಂದ್ರೆ ಚೋಲ್ವೆ ಅಂತ ಹೇಳಬಲ್ಲೋಳು ನೀನೊಬ್ಬಳೇ. ನೀನೇ ಕರೆದೆ, ನೀನೇ ಕೇಳಿದೆ. ಎರಡು ಸಾಲು ಬರೆದು ಸಹಿ ಹಾಕು. ನಿನ್ನ ಫೈಲು ಎಲ್ಲಿ ಕೂತಿದೆ ಅಂತ ನನಗೆ ಗೊತ್ತು. ಸೋಮವಾರ ಅದು ಕೋರ್ಟಿಗೆ ಹೋಗುತ್ತೆ. ಮೂರು ವರ್ಷ ಆಯ್ತಲ್ಲ ತಂಗಿ. ಜಡ್ಜಿನ ಮುಖ ನೋಡಬೇಕು ಅನ್ನಿಸಲ್ವಾ?"

ತಂಗಿ ಎಂದು ಅವಳು ಕರೆದದ್ದು ಅದೇ ಮೊದಲು. ಸೆಪಿಸೊಗೆ ಅನ್ನಿಸುತ್ತಿತ್ತು. ದಿನಾ ಅನ್ನಿಸುತ್ತಿತ್ತು. ಗೋಡೆಯ ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ಹೊರಗೆ ಅಂಚೆ ಗಾಡಿಯ ಎಂಜಿನ್ ಆಗಲೇ ಗುರುಗುಡುತ್ತಿತ್ತು.

"ಹೇಳಲ್ಲ."

"ಮಾತು ಕೊಟ್ಟೋಳು ಡಾಕ್ಟರು. ಅವಳು ಓಡಿಹೋದ್ಲು. ನಿನಗೇನು?"

"ಅವರು ಕೊಟ್ಟ ಮಾತು ನನ್ನ ಬಾಯಿಂದ ಬಂತು ಮೇಡಂ. ಬಾಯಿ ನನ್ನದು."

"ನಿನ್ನ ಫೈಲು ಇಲಿ ತಿನ್ನುತ್ತೆ."

"ತಿನ್ನಲಿ."

ಕಪಾಂಪಾ ಖಾಲಿ ಹಾಳೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಪಟ್ಟಿ ಎಳೆದುಕೊಂಡು ಚೋಲ್ವೆಯ ಹೆಸರಿನ ಎದುರು ಪೆನ್ನು ಹಿಡಿದಳು. ಹೆಸರು ಹೊಡೆಯಲು ಕಾರಣ ಬೇಕು ಎಂದು ಆ ಕಾಲಂನಲ್ಲೇ ಅಚ್ಚಾಗಿತ್ತು. ನಾಲ್ಕೂವರೆ ವರ್ಷದಲ್ಲಿ ಅವಳೇ ಬರೆದ ಪುಸ್ತಕದಲ್ಲಿ ಚೋಲ್ವೆಯ ಮೇಲೆ ಒಂದೂ ದೂರಿರಲಿಲ್ಲ. ಮಂಗಳವಾರ ನಿಂತದ್ದು ನಲವತ್ತಮೂರು ಮಂದಿ. ಅದನ್ನು ಬರೆದರೆ ಎಣಿಕೆ ತಪ್ಪಿದ್ದನ್ನೂ ಬರೆಯಬೇಕಿತ್ತು. ಗಾಡಿಯವನು ಹಾರ್ನ್ ಹೊಡೆದ. ಅವಳು "ದೂರು ಇಲ್ಲ" ಎಂದು ಗೀಚಿ, ಪಟ್ಟಿಯನ್ನು ಲಕೋಟೆಗೆ ತುರುಕಿದಳು. ಲಕೋಟೆ ಹೊರಗೆ ಹೋಯಿತು. ಲುಸಾಕಾದಲ್ಲಿ ಅದನ್ನು ಯಾರು ತೆರೆಯುತ್ತಾರೆ, ಇಪ್ಪತ್ತೊಂಬತ್ತು ದಿನದಲ್ಲಿ ಅಲ್ಲಿಗೆ ಯಾರ ಫೋನು ಹೋಗುತ್ತದೆ, ಸೆಪಿಸೊಗೆ ಗೊತ್ತಿರಲಿಲ್ಲ. ಕಪಾಂಪಾಗೆ ಗೊತ್ತಿದ್ದಂತೆ ಕಂಡಿತು.

"ಎಣಿಕೆ ವಿಷಯ ಎತ್ತದೆ ನಿನ್ನೊಬ್ಬಳ ಮೇಲೆ ಬರೀಬಹುದಲ್ಲ," ಎಂದಳು ಅವಳು. ಹಳದಿ ನಮೂನೆಯೊಂದನ್ನು ತೆಗೆದಳು. ಕೈದಿಗಳನ್ನು ಎತ್ತಿಕಟ್ಟಿದ ಆರೋಪ. ಹೆಸರು. ವಯಸ್ಸು. ತೂಕ. ಬರೆಯುತ್ತ ಬರೆಯುತ್ತ, ಅಭ್ಯಾಸದಂತೆ, ತಲೆ ಎತ್ತದೆ ಹೇಳಿದಳು. "ಕೂತ್ಕೋ."

"ಮುಂದಿನದು ಎತ್ತರ ಅಂತಿದೆ ಮೇಡಂ," ಎಂದಳು ಸೆಪಿಸೊ. "ಕೂತರೆ ಹೇಗೆ ಅಳೀತೀರಿ?"

ಗೋಡೆಯ ಮೇಲೆ ಅಳತೆಯ ಪಟ್ಟಿ ಬಳಿದಿತ್ತು. ಸೆಪಿಸೊ ತಾನೇ ಹೋಗಿ ಅದಕ್ಕೆ ಬೆನ್ನು ಕೊಟ್ಟಳು. ಹಿಮ್ಮಡಿ ಗೋಡೆಗೆ ತಾಗಿಸಿದಳು. ಮೊಣಕಾಲು ನೇರ ಮಾಡಿದಳು. ಕಪಾಂಪಾ ಎದ್ದು ಬಂದು ಮರದ ಪಟ್ಟಿಯನ್ನು ಅವಳ ನೆತ್ತಿಯ ಮೇಲೆ ಒತ್ತಿದಳು. ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು. ಓದಿದಳು. ಬರೆದಳು.

ಒಂದು ಮೀಟರ್ ಅರವತ್ತಮೂರು ಸೆಂಟಿಮೀಟರ್.